ತವರಿಗೆ ಹೋಗಿಲ್ಲವೆಂಬ ಹೇಳಿಕೆ

ಮತಗಟ್ಟೆಯ ಬಾಗಿಲಲ್ಲಿ ನನ್ನನ್ನು ತಡೆದವರು ಮರ್ಯಾದೆಯಿಂದಲೇ ತಡೆದರು. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಬೇಕೆಂದರೆ ನನ್ನ ಹೆಗಲು ಬೇಕು. "ಒಳಗ ಬಿಟ್ಟು ಬರ್ತೀನ್ರಿ" ಅಂದೆ. "ನಾವ ಕರ್ಕೊಂಡು ಹೋಗ್ತೀವ್ರಿ ಮೇಡಂ, ನೀವು ಹೊರಗ ಕುಂದರ್ರಿ" ಅಂದರು. ಕೂತೆ. ಒಳಗೆ ಮೊಬೈಲು ಒಯ್ಯುವಂತಿರಲಿಲ್ಲ. ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮೊಬೈಲುಗಳನ್ನು ನನ್ನ ಉಡಿಯಲ್ಲಿ ಹಾಕಿ ಹೋದರು. "ಹೆಂಗೂ ನಿಂಗ ಓಟಿಲ್ಲ, ಹಿಡ್ಕೊಂಡು ಕುಂದ್ರು ಯವ್ವಾ" ಅಂದಳು ಒಬ್ಬಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಚುಚ್ಚಿತು. ಬೇವಿನ ಗಿಡದ ಕೆಳಗೆ ಒಂಬತ್ತು ಮೊಬೈಲು ಕಾಯುತ್ತ, ಯಾವುದು ರಿಂಗಾದರೂ "ಒಳಗ ಹೋಗ್ಯಾರ್ರಿ, ಬರ್ತಾರ" ಎಂದು ಉತ್ತರ ಕೊಡುತ್ತ ಒಂದು ತಾಸು ಕಳೆದೆ. ನಾನು ಈ ದೇಶದ ನಾಗರಿಕಳಾಗುತ್ತೇನೆ ಎಂದು ಅವತ್ತೇ ಸಂಜೆ ಗಂಡನಿಗೆ ಹೇಳಿದೆ.

"ಕಾರ್ಡ್ ಅದಲ್ಲ ನಿಂದು, ಸಾಕಾಗಂಗಿಲ್ಲೇನು?" ಅಂದ ಅವನು. ಇಲ್ಲಿಯವರನ್ನು ಮದುವೆಯಾದ ಹೊರದೇಶದವರಿಗೆ ಕೊಡುವ ಒಂದು ಕಾರ್ಡು ನನಗಿತ್ತು. ಬದುಕಲಿಕ್ಕೆ ಅದು ಸಾಕು. ಹಟಕ್ಕೆ ಸಾಕಾಗುವುದಿಲ್ಲ.

ನಾನು ಜರ್ಮನಿಯವಳು. ಹನ್ನೊಂದು ವರ್ಷದ ಹಿಂದೆ ಸಿಂಧನೂರಿನ ಒಂದು ರೈಸ್‌ಮಿಲ್ಲಿಗೆ ಅಕ್ಕಿಯನ್ನು ಬಣ್ಣ ನೋಡಿ ಬೇರೆ ಮಾಡುವ ಯಂತ್ರ ಕೂಡಿಸಲು ಬಂದೆ. ಅಕ್ಕಿ ಮೇಲಿನಿಂದ ಸುರಿಯುತ್ತಿರುವಾಗಲೇ ಕರಿ ಕಾಳು ಕಂಡರೆ ಗಾಳಿ ಊದಿ ಆಚೆ ತಳ್ಳುವ ಯಂತ್ರ ಅದು. ಹದಿನೈದು ದಿನದ ಕೆಲಸ. ಆ ಮಿಲ್ಲಿನ ಕರೆಂಟಿನ ಕೆಲಸ ನೋಡಿಕೊಳ್ಳುತ್ತಿದ್ದವನು ಇಂಗ್ಲಿಷು ಬಾರದಿದ್ದರೂ ನನ್ನ ಯಂತ್ರವನ್ನು ನನಗಿಂತ ಬೇಗ ಅರ್ಥ ಮಾಡಿಕೊಂಡ. ಮೊದಲು ಸಿಟ್ಟು ಬಂತು, ಆಮೇಲೆ ಮದುವೆಯಾದೆ. ಕನ್ನಡ ಕಲಿಸಿದವಳು ಅತ್ತೆ, ರೊಟ್ಟಿ ಬಡಿಯುವುದರ ಜೊತೆಗೆ. ಓದುವ ಬರೆಯುವ ಕನ್ನಡವನ್ನು ಪತ್ರಿಕೆ ಹಿಡಿದು ನಾನೇ ಕಲಿತೆ. ಅಲ್ಯೂಮಿನಿಯಂ ಪಾತ್ರೆಗೆ ಈ ಕಡೆ ಜರ್ಮನ್ ಅನ್ನುತ್ತಾರೆ, ಹಾಗಾಗಿ ಓಣಿಯ ಹುಡುಗಿಯರಿಗೆ ನಾನು ಬಹಳ ದಿನ "ಜರ್ಮನ್ ಬೋಗಾಣಿ". ಅದಕ್ಕೆ ನನ್ನ ತಕರಾರಿರಲಿಲ್ಲ. ಬೋಗಾಣಿ ಮನೆಯೊಳಗಿನ ವಸ್ತು.

ಅರ್ಜಿ ಬರೆದುಕೊಡಲು ಒಪ್ಪಿದ ವಕೀಲರು ನಿಯಮ ಬಿಡಿಸಿ ಹೇಳಿದರು. ಮದುವೆಯಾಗಿ ಇಷ್ಟು ವರ್ಷ ಇಲ್ಲಿದ್ದದ್ದಕ್ಕೆ ದಾಖಲೆ ಬೇಕು. ಅದರ ಮೇಲೆ, ಅರ್ಜಿ ಹಾಕುವ ಮುಂಚಿನ ಒಂದು ಪೂರ್ತಿ ವರ್ಷ ಈ ದೇಶ ಬಿಟ್ಟು ಹೊರಗೆ ಹೋಗಿರಬಾರದು. "ಹೋದ್ರ?" ಅಂದೆ. "ಹೋದ್ರ ಮತ್ತ ಒಂದ್ರಿಂದ ಎಣಸೋದು" ಅಂದರು. ನಾನು ಅಪ್ಪನನ್ನು ನೋಡಿ ವಾಪಸಾಗಿ ಆಗ ಎರಡು ತಿಂಗಳಾಗಿತ್ತು. ಇನ್ನು ಹತ್ತೇ ತಿಂಗಳು ಅಂದುಕೊಂಡೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯತೊಡಗಿದೆ. ಅತ್ತೆ ಅದನ್ನು ಹಾಲಿನ ಲೆಕ್ಕ ಎಂದುಕೊಂಡಿದ್ದಳು.

ಅಪ್ಪನ ವಿಷಯ ಹೇಳಬೇಕು. ಅಪ್ಪ ನಮ್ಮ ಊರಲ್ಲಿ ಬಸ್ಸಿನ ಡ್ರೈವರ್ ಆಗಿದ್ದವರು. ನಿವೃತ್ತರಾದ ಮೇಲೂ ಬಸ್ಸು ಅಂದರೆ ಜೀವ. ಅಮ್ಮ ಹೋದ ಮೇಲೆ ಅಣ್ಣನ ಮನೆಯಲ್ಲೇ ಇದ್ದರು, ಮೊಮ್ಮಕ್ಕಳ ಗದ್ದಲದ ನಡುವೆ. ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಅವರು ನನ್ನ ಯೋಗಕ್ಷೇಮಕ್ಕಿಂತ ಮೊದಲು ಇಲ್ಲಿಂದ ತುರ್ವಿಹಾಳಕ್ಕೆ ಹೋಗುವ ಬಸ್ಸಿನ ಯೋಗಕ್ಷೇಮ ಕೇಳುತ್ತಿದ್ದರು. ಭತ್ತ ಕೊಯ್ಯುವ ಕಾಲಕ್ಕೆ ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆ, ಕಂಡಕ್ಟರು ಹಿಂದಿನ ಬಾಗಿಲಿಗೆ ಹೇಗೆ ತಲುಪುತ್ತಾನೆ, ಇದೆಲ್ಲ ಅವರಿಗೆ ಬೇಕು. ಒಂದು ಸಲ ಇಲ್ಲಿಗೆ ಬಂದಾಗ ಆ ಬಸ್ಸಿನಲ್ಲಿ ಡ್ರೈವರಿನ ಪಕ್ಕ ಬಾನೆಟ್ಟಿನ ಮೇಲೆ ಕೂತು ಹೋಗಿ ಬಂದಿದ್ದರು. ಅಷ್ಟು ಸಂತೋಷ ಅವರಿಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ನಾನು ವಾಪಸಾಗಿ ಒಂಬತ್ತು ತಿಂಗಳಾಗಿದ್ದಾಗ ಅಣ್ಣ ಭಾನುವಾರವಲ್ಲದ ದಿನ ಫೋನು ಮಾಡಿದ. ಅಪ್ಪ ಬ್ರೆಡ್ಡು ತರಲು ಹೋದವರು ದಾರಿ ತಪ್ಪಿದ್ದರು. ಮೂವತ್ತು ವರ್ಷ ತಾವೇ ಬಸ್ಸು ಓಡಿಸಿದ ಬೀದಿಯಲ್ಲಿ ನಿಂತು ಇದು ಯಾವ ಊರು ಎಂದು ಕೇಳಿದ್ದರಂತೆ. ಡಾಕ್ಟರು ಪರೀಕ್ಷೆ ಮಾಡಿ, ನೆನಪು ಹೋಗುತ್ತಿದೆ, ಮೊದಲು ಹೊಸದು, ಆಮೇಲೆ ಹಳೆಯದು ಎಂದಿದ್ದರು. "ಈ ಬೇಸಿಗೆಯೊಳಗೆ ಬಾ" ಅಂದ ಅಣ್ಣ. "ಈಗ ಬಂದರೆ ನಿನ್ನ ಗುರುತು ಹಿಡಿಯುತ್ತಾರೆ. ಮುಂದಿನ ವರ್ಷದ ಮಾತು ನಾನು ಕೊಡಲಾರೆ."

ಮೂರೇ ತಿಂಗಳು ಉಳಿದಿದ್ದವು. ಏಳು ತಿಂಗಳು ಎಳೆದ ಗೀಟುಗಳನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ವಿಶೇಷ ಕಾರಣವಿದ್ದರೆ ಮೂವತ್ತು ದಿನದ ಮಾಫಿ ಇದೆಯಂತೆ ಎಂದು ವಕೀಲರು ಹೇಳಿದರು, ಆದರೆ ಕೊಡುವುದು ಬಿಡುವುದು ದೆಹಲಿಯವರ ಕೈಯಲ್ಲಿ. "ಕೊಡ್ತಾರಂತ ನಾ ಏನ್ ಹೇಳಾಕ ಬರ್ತದ್ರಿ?" ಎಂದು ಕೈ ಆಡಿಸಿದರು. ಅಣ್ಣನಿಗೆ ಹೇಳಿದೆ, ಮಾರ್ಚ್‌ನಲ್ಲಿ ಅರ್ಜಿ ಹಾಕಿ ಮರುದಿನವೇ ಹೊರಡುತ್ತೇನೆ ಎಂದು. ಇದು ನನ್ನ ನಿರ್ಧಾರ, ಬೇರೆ ಯಾರೂ ನನ್ನ ಕೈ ಹಿಡಿದು ನಿಲ್ಲಿಸಲಿಲ್ಲ. ಮುಂದೆ ಬೇರೆಯವರ ಮೇಲೆ ಕೂಗಾಡಿದ್ದನ್ನು ಬರೆಯುವವಳಿದ್ದೇನೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾರ್ಚ್‌ನಲ್ಲಿ ಅರ್ಜಿ ಹಾಕಿದೆ. ಟಿಕೆಟ್ಟು ನೋಡುತ್ತಿದ್ದೇನೆ ಅಂದಾಗ ವಕೀಲರು ಗಾಬರಿಯಾದರು. ಪೊಲೀಸು ವಿಚಾರಣೆಗೆ ಯಾವತ್ತು ಬೇಕಾದರೂ ಬರುತ್ತಾರೆ, ಬಂದಾಗ ಮನೆಯಲ್ಲಿ ಇರದಿದ್ದರೆ "ವಿಳಾಸದಲ್ಲಿ ವಾಸವಿಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. "ಅದೊಂದು ಮುಗೀಲ್ರಿ ಅಮ್ಮಾರ, ಆಮ್ಯಾಲ ಎಲ್ಲಿಗರ ಹೋಗ್ರಿ." ಸರಿ, ಅದೊಂದು ಮುಗಿಯಲಿ ಎಂದು ಕೂತೆ. ಏಪ್ರಿಲ್ ಹೋಯಿತು, ಮೇ ಹೋಯಿತು. ಮಿಲ್ಲಿನಿಂದ ಮನೆಗೆ, ಮನೆಯಿಂದ ಮಿಲ್ಲಿಗೆ. ವಳಕಮದಿನ್ನಿಯಲ್ಲಿ ಗಂಡನ ಗೆಳೆಯನ ಮಗಳ ಮದುವೆ, ಹೋಗಲಿಲ್ಲ. ಮಧ್ಯಾಹ್ನ ಮಿಲ್ಲಿನಲ್ಲಿದ್ದರೂ ಕಿವಿ ಮನೆಯ ಕಡೆ. ಬಾಗಿಲು ತಟ್ಟಿದರೆ ಸಾಕು, ಪಾಸ್‌ಪೋರ್ಟು ಹಿಡಿದು ಓಡುತ್ತಿದ್ದೆ. ಒಮ್ಮೆ ಮೊಸರು ಮಾರುವವಳ ಮುಂದೆ ಹಾಗೆ ಹೋಗಿ ನಿಂತಿದ್ದೆ. ಸಂಜೆ ಕಾಲುವೆಯ ತನಕ ನಡೆದು ಹೋಗುತ್ತಿದ್ದೆ, ಸೇತುವೆ ದಾಟುತ್ತಿರಲಿಲ್ಲ. ದಾಟಬಾರದೆಂದು ಯಾರೂ ಹೇಳಿರಲಿಲ್ಲ, ಆದರೂ ಕಾಲು ತಾನಾಗಿ ನಿಲ್ಲುತ್ತಿತ್ತು.

ಜೂನ್ ಕೊನೆಗೆ ವಿಚಾರಣೆಗೆ ಹವಾಲ್ದಾರರು ಬಂದರು, ಸೌಮ್ಯವಾದ ಮನುಷ್ಯ. ಪಾಸ್‌ಪೋರ್ಟಿನ ಪುಟ ತಿರುವಿ ನೋಡಿ ಬರೆದುಕೊಂಡರು, ನನ್ನ ಕನ್ನಡ ಕೇಳಿ ಎರಡು ಸಲ ನಕ್ಕರು. "ಮನಿಯವರನ್ನ, ಬಾಜೂದವರನ್ನ ಎರಡ ಮಾತು ಕೇಳಬೇಕಾಗ್ತದ್ರಿ" ಎಂದು ಹೊರಗೆ ಹೋದರು. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು, ಪಕ್ಕದ ಮನೆಯ ಆಪಾನೂ ಇದ್ದಳು. ನಾನು ಚಹಾ ಮಾಡಲು ಒಳಗೆ ಹೋದೆ. ಅವರ ಮಾತು ಕೇಳಿಸಲಿಲ್ಲ, ನಗು ಕೇಳಿಸಿತು. ಎಲ್ಲ ಚಲೋ ನಡೆದಿದೆ ಎಂದುಕೊಂಡು ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದೆ.

ಇನ್ನು ಟಿಕೆಟ್ಟು ಮಾಡಿಸಬಹುದೇ ಎಂದು ವಕೀಲರನ್ನು ಕೇಳಿದ್ದಕ್ಕೆ, ವರದಿ ಮುಂದಕ್ಕೆ ಹೋದದ್ದು ಖಾತ್ರಿಯಾಗಲಿ, ಎರಡು ವಾರ ತಡೆಯಿರಿ ಎಂದರು. ಎರಡು ವಾರ ಹೋಗಿ ಆರು ವಾರವಾಯಿತು, ಕಾಗದ ಬಂತು. ಅದರ ಒಂದು ಸಾಲು ನನಗೆ ಇವತ್ತಿಗೂ ಬಾಯಿಪಾಠ: "ಅರ್ಜಿದಾರರು ಪ್ರತಿ ವರ್ಷ ಪಂಚಮಿ ಹಬ್ಬಕ್ಕೆ ಸಹೋದರನೊಂದಿಗೆ ತವರು ದೇಶಕ್ಕೆ ತೆರಳಿ, ಸುಮಾರು ಒಂದು ತಿಂಗಳು ತಂಗಿದ್ದು ಮರಳುವುದಾಗಿ ಮನೆಯವರು ಹಾಗೂ ನೆರೆಯವರು ತಿಳಿಸಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಇದಕ್ಕೆ ಅನುಗುಣವಾದ ಮುದ್ರೆಗಳು ಕಂಡುಬಂದಿರುವುದಿಲ್ಲ." ಅಂದರೆ ಎರಡೇ ಅರ್ಥ. ಒಂದೋ ನಾನು ವರ್ಷಾವರ್ಷ ದೇಶ ಬಿಟ್ಟು ಹೋಗುತ್ತೇನೆ, ಇಲ್ಲವೇ ಮುದ್ರೆಯಿಲ್ಲದೆ ಗಡಿ ದಾಟುವ ಇನ್ನೊಂದು ದಾರಿ ನನಗೆ ಗೊತ್ತಿದೆ. ಅರ್ಜಿ ಮರುಪರಿಶೀಲನೆಗೆ ವಾಪಸು ಬಂದಿತ್ತು.

ಕಾಗದ ಹಿಡಿದು ಅಡುಗೆಮನೆಗೆ ಹೋದೆ. ಅತ್ತೆ ಶೇಂಗಾ ಹುರಿಯುತ್ತಿದ್ದಳು.

"ಅತ್ತಿ, ಪೊಲೀಸರಿಗೆ ಏನ್ ಹೇಳೀರಿ?"

"ಏನ್ ಹೇಳ್ಲಿ? ಸೊಸಿ ಬಂಗಾರದಂಥಾಕಿ ಅಂದೆ."

"ಪಂಚಮಿಗೆ ನಮ್ಮಣ್ಣ ಬಂದು ಕರ್ಕೊಂಡು ಹೋಗ್ತಾನ ಅಂದ್ರೇನು?"

ಅತ್ತೆ ಹುರಿಯುವುದನ್ನು ನಿಲ್ಲಿಸಲಿಲ್ಲ. "ಅಂದೆ. ಕೇಳಿದ್ರು, ತವರಿಗೆ ಹೋಗ್ತಾಳೇನು ಅಂತ. ಇಲ್ಲ ಅನ್ಲೇನು? ಆಪಾ ಬಾಜೂಕ ಕುಂತಾಳ, ಎದುರು ಮನ್ಯಾಕಿ ಬಾಗಲಾಗ ನಿಂತಾಳ. ಎಲ್ಲಾರ ಮುಂದ ನನ್ನ ಸೊಸಿಗೆ ಹಿಂದ ಮುಂದ ಯಾರೂ ಇಲ್ಲ, ಕರಿಯೋರಿಲ್ಲ ಕಳಸೋರಿಲ್ಲ ಅನ್ಲೇನು?"

ನನಗೆ ಹೊಳೆದದ್ದು ಆಗ. ಪ್ರತಿ ವರ್ಷ ಪಂಚಮಿಗೆ ಮುಂಚೆ ನನ್ನ ಹಾಸಿಗೆಯ ಮೇಲೆ ಒಂದು ಹೊಸ ಇಳಕಲ್ ಸೀರೆ ಇರುತ್ತಿತ್ತು. ಅತ್ತೆಯ ಪ್ರೀತಿ ಎಂದುಕೊಂಡು ಉಡುತ್ತಿದ್ದೆ. ಅದು ನನ್ನ ಅಣ್ಣ ಜರ್ಮನಿಯಿಂದ ಕಳಿಸಿದ್ದೆಂದು ಓಣಿಗೆಲ್ಲ ಹೇಳಿದ್ದಳಂತೆ. ಹಬ್ಬದ ತಿಂಗಳು ನಾನು ಮಿಲ್ಲುಗಳ ಯಂತ್ರ ಬಿಚ್ಚಿ ತೊಳೆಯುವ ಕೆಲಸಕ್ಕೆ ಹೊತ್ತು ಹುಟ್ಟುವ ಮೊದಲೇ ಹೋಗಿ ಕತ್ತಲಾದ ಮೇಲೆ ಬರುವವಳು, ಓಣಿಗೆ ಕಾಣುತ್ತಿರಲಿಲ್ಲ. ಕಾಣದವಳು ತವರಿನಲ್ಲಿದ್ದಾಳೆ ಎಂದು ಅತ್ತೆ ಹೇಳಿದ್ದನ್ನು ಓಣಿ ನಂಬಿತ್ತು. ಆಪಾ ಸುಳ್ಳು ಹೇಳುವ ಹೆಂಗಸಲ್ಲ. "ಖರೇನ ಹೇಳೀನಿ ಭಾಭಿ" ಎಂದು ಮರುದಿನ ನನ್ನೆದುರು ಕಣ್ಣು ತುಂಬಿಕೊಂಡಳು. "ನಿಮ್ಮ ಭಾಯಿ ಕಳಿಸಿದ್ದ ಸೀರಿ ನಾ ಮುಟ್ಟಿ ನೋಡೀನಿ, ಹೌದಿಲ್ಲೋ?" ಜರ್ಮನಿಯಲ್ಲಿ ಇಳಕಲ್ ಸೀರೆ ಎಲ್ಲಿ ಸಿಗುತ್ತದೆ ಎಂದು ಓಣಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ಅಣ್ಣ ಅಂದ ಮೇಲೆ ತಂಗಿಗೆ ಎಲ್ಲಿಂದಲೋ ಹುಡುಕಿ ತರುತ್ತಾನೆ, ಅದರಲ್ಲೇನಿದೆ.

ಇನ್ನೊಬ್ಬರ ಕಥೆಯಾಗಿದ್ದರೆ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ. ಆದರೆ ಈ ಒಂದು ವರ್ಷ ನಾನು ಜೈಲಿನ ದಿನ ಎಣಿಸಿದ ಹಾಗೆ ಎಣಿಸಿದ್ದೆ, ಅಪ್ಪನನ್ನು ಬಿಟ್ಟು ಎಣಿಸಿದ್ದೆ. ಅತ್ತೆಯ ಮೇಲೆ ಕೂಗಿದೆ. ಕನ್ನಡ ಸಾಲದೆ ಜರ್ಮನ್‌ನಲ್ಲಿ ಕೂಗಿದೆ. ಅವಳಿಗೆ ಅದು ಪೂರ್ತಿ ಅರ್ಥವಾಯಿತು. ಒಂಬತ್ತು ದಿನ ನಾವಿಬ್ಬರೂ ಮಾತಾಡಲಿಲ್ಲ. ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಅವಳು ಹೊರಗೆ ಹೋಗುತ್ತಿದ್ದಳು, ನಾನು ಬಂದು ತಿನ್ನುತ್ತಿದ್ದೆ. ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿ ಎರಡೂ ಕಡೆ ತಲೆ ಆಡಿಸುತ್ತಿದ್ದ.

ವಕೀಲರ ಬಳಿ ಹೋಗಿ, ಎಲ್ಲ ಬಿಟ್ಟು ಅಪ್ಪನ ಹತ್ತಿರ ಹೊರಟುಬಿಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದಿಟ್ಟರು. "ಹೋಗ್ರಿ, ಯಾರೂ ಹಿಡಿಯಂಗಿಲ್ಲ. ಆದ್ರ ಈಗ ವಿಮಾನ ಹತ್ತಿದ್ರಿ ಅಂದ್ರ ಆ ರಿಪೋರ್ಟ್ ಖರೇ ಆಗ್ತದ ನೋಡ್ರಿ. ಪಂಚಮಿ ಈಗಷ್ಟ ಮುಗದದ." ಅದೇ ಬಲೆ. ನಾನು ಹೋಗಿಲ್ಲವೆಂದು ತೋರಿಸಬೇಕಾದರೆ ಹೋಗಬಾರದು. ಹೋದರೆ, ಅತ್ತೆ ಹೇಳಿದ ಸುಳ್ಳಿಗೆ ನಾನೇ ಮುದ್ರೆ ಒತ್ತಿಸಿಕೊಂಡು ಬಂದಂತೆ. ಉಳಿದದ್ದು ಒಂದೇ ದಾರಿ. ಅತ್ತೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಖುದ್ದು ಬಂದು, ತಾನು ಹೇಳಿದ್ದು ಸುಳ್ಳು, ಸೊಸೆ ತವರಿಗೆ ಹೋಗಿಲ್ಲ ಎಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಬೇಕು.

"ಸತ್ತ್ರೂ ಒತ್ತಂಗಿಲ್ಲ" ಅಂದಳು ಅತ್ತೆ, ಮಗನ ಮುಂದೆ, ನನ್ನ ಕಡೆ ನೋಡದೆ. "ಪೊಲೀಸರ ಮುಂದ ಹೇಳಲಾರದ್ದು ಸಾಹೇಬರ ಮುಂದ ಹೇಳ್ಲೇನು? ಬರ್ಕೊಂಡು ಇಡ್ತಾರ. ನಾಳೆ ಯಾರರ ಓದ್ತಾರ."

ಅವಳ ಮನಸ್ಸು ತಿರುಗಿದ್ದು ಒಂದು ಭಾನುವಾರ. ನಾನು ಅಪ್ಪನ ಜೊತೆ ಮಾತಾಡುತ್ತಿದ್ದೆ, ಅವಳು ಹಿಂದೆ ನಿಂತು ಬಟ್ಟೆ ಮಡಚುತ್ತಿದ್ದಳು. ಅಪ್ಪ ನನ್ನ ಮುಖ ನೋಡಿ ನಕ್ಕರು, ಏನೋ ಹೇಳಲು ಬಾಯಿ ತೆರೆದರು, ನನ್ನ ಹೆಸರು ಬರಲಿಲ್ಲ. ಅಮ್ಮನ ಹೆಸರು ಹೇಳಿದರು. ಅಲ್ಲವೆಂದು ಅವರಿಗೇ ಗೊತ್ತಾಗಿ ಅತ್ತಿಗೆಯ ಹೆಸರು ಹೇಳಿದರು. ಆಮೇಲೆ ಸಿಟ್ಟಾಗಿ ಮೇಜು ಗುದ್ದಿದರು. ಅಣ್ಣ ಮೆಲ್ಲಗೆ ಹೇಳಿಕೊಟ್ಟ ಮೇಲೆ ನನ್ನ ಹೆಸರನ್ನು ನಾಲ್ಕೈದು ಸಲ ಹೇಳಿಕೊಂಡರು. ಅತ್ತೆಗೆ ಭಾಷೆ ತಿಳಿಯದು, ಆದರೆ ಹೆಸರುಗಳು ತಿಳಿದವು. ಫೋನು ಇಟ್ಟ ಮೇಲೆ ಮಡಚಿದ ಬಟ್ಟೆಯನ್ನು ಕಪಾಟಿನಲ್ಲಿಟ್ಟು ಬಂದು, ಒಂಬತ್ತು ದಿನದ ಮೇಲೆ ಮೊದಲ ಮಾತಾಡಿದಳು.

"ನಾಳೆ ಸೋಮವಾರ. ಲಿಂಗಸುಗೂರಿನ ಬಸ್ಸು ಎಷ್ಟಕ್ಕದ?"

ಮರುದಿನ ಬೆಳಿಗ್ಗೆ ಇಬ್ಬರೇ ಹೊರಟೆವು. ಅತ್ತೆ ಒಳ್ಳೆಯ ಸೀರೆ ಉಟ್ಟು ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಳು. ದಾರಿಯಲ್ಲಿ ಮಸ್ಕಿ ಬಂತು. ಮಸ್ಕಿ ಅವಳ ತವರು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ಡ್ರೈವರು ಚಹಾಕ್ಕೆ ಇಳಿದ. ಅತ್ತೆ ಕಿಟಕಿಯಿಂದ ಬಜಾರದ ಕಡೆ ನೋಡುತ್ತ ಕೂತಿದ್ದಳು.

"ನಮ್ಮವ್ವ ಸತ್ತ ಮ್ಯಾಲ ನಮ್ಮಣ್ಣ ಏಳು ವರ್ಷ ಕರಿಯಾಕ ಬರ್ಲಿಲ್ಲ" ಅಂದಳು, ನನಗೋ ಕಿಟಕಿಗೋ ತಿಳಿಯದ ಹಾಗೆ. "ಅಣ್ಣ ತಮ್ಮಂದಿರು ಬರಾಕ ಹತ್ತಿದ್ರಂದ್ರ ಓಣ್ಯಾಗ ಒಂದೊಂದು ಮನಿ ಖಾಲಿ ಆಕ್ಕೋಂತ ಹೋಗ್ತಿತ್ತು. ನಾ ಒಬ್ಬಾಕಿನ ಉಳೀತಿದ್ದೆ. ಆಗ ಏನ್ ಮಾಡ್ತಿದ್ದೆ ಗೊತ್ತೇನು? ಅಣ್ಣ ಬಸ್‌ಸ್ಟ್ಯಾಂಡಿನ್ಯಾಗ ಕಾಯಾಕತ್ತ್ಯಾನ ಅಂತ ಹೇಳಿ ಮನಿ ಬಿಡ್ತಿದ್ದೆ. ಇಲ್ಲಿಗೆ ಬಂದು, ಅಗಾ, ಆ ಬಜಾರದಾಗ ನನ್ನ ಸೀರಿ ನಾನ ತಗೊಂಡು, ಗುಡಿ ಕಟ್ಟಿ ಮ್ಯಾಲ ಕುಂತು, ಸಂಜಿ ಬಸ್ಸಿಗೆ ತಿರುಗಿ ಹೋಗ್ತಿದ್ದೆ. ಅಣ್ಣ ಉಡಸ್ಯಾನ ಅಂತಿದ್ದೆ. ನಮ್ಮತ್ತಿಗೂ ಗೊತ್ತಾಗ್ಲಿಲ್ಲ, ನಿಮ್ಮ ಮಾವಗೂ ಗೊತ್ತಾಗ್ಲಿಲ್ಲ."

ಅವಳ ಕೈ ಹಿಡಿದುಕೊಂಡೆ. "ಕರಿಯೋರಿಲ್ಲದಾಕಿ ಅಂತ ಒಂದ್ಸಲ ಬಾಯಿಗೆ ಬಿದ್ರ ಮುಗೀತು ಬೇ" ಅಂದಳು. "ನಿನಗ ಹಂಗ ಆಗಬಾರದು ಅಂತ ಮಾಡಿದೆ. ಅದು ಹೋಗಿ ಹಿಂಗಾತು." ಡ್ರೈವರು ಬಂದು ಬಸ್ಸು ಹೊರಡಿಸಿದ. ನನ್ನ ಸಿಟ್ಟು ಇಳಿಯಿತು ಅನ್ನಲಾರೆ, ಆದರೆ ಅದನ್ನು ಇಡುವ ಜಾಗ ಅವಳಾಗಿ ಉಳಿಯಲಿಲ್ಲ.

ಲಿಂಗಸುಗೂರಿನ ಕಚೇರಿಯಲ್ಲಿ ಹೇಳಿಕೆ ಬರೆದುಕೊಳ್ಳುವವರು ವಯಸ್ಸಾದ ಗುಮಾಸ್ತರು. ಇನ್ನೂ ಏಳೆಂಟು ಜನ ತಮ್ಮ ತಮ್ಮ ಕೆಲಸಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದರು. ಅವರ ಮುಂದೆ ಹೇಳಬೇಕಲ್ಲ ಎಂದು ಅತ್ತೆ ಸೆರಗು ಸರಿಮಾಡಿಕೊಂಡಳು.

"ಬರ್ಕೋರಿ. ನನ್ನ ಸೊಸಿಗೆ ತವರು ಅದ. ಅಪ್ಪ ಅದಾನ, ಅಣ್ಣ ಅದಾನ, ಅಣ್ಣನ ಮಕ್ಕಳದಾವ."

"ಅದು ಬ್ಯಾಡಮ್ಮ" ಅಂದರು ಗುಮಾಸ್ತರು. "ವರ್ಷಾ ಪಂಚಮಿಗೆ ಹೋಗ್ತಾಳೋ ಇಲ್ಲೋ, ಅಷ್ಟ ಹೇಳು."

"ಮೊದಲ ಇದ್ನ ಬರೀರಿ. ಆಮ್ಯಾಲ ಅದ್ನ ಹೇಳ್ತೀನಿ."

ಗುಮಾಸ್ತರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ನಿಟ್ಟುಸಿರು ಬಿಟ್ಟು ಬರೆದರು: ತಂದೆ ಇರುತ್ತಾರೆ, ಸಹೋದರ ಇರುತ್ತಾರೆ. ಅತ್ತೆ ಅದನ್ನು ಓದಿಸಿ ಕೇಳಿಸಿಕೊಂಡಳು. ಆಮೇಲೆ, ಗೋಡೆಯ ಕಡೆ ಮುಖ ಮಾಡಿ, ಬೆಂಚಿನವರಿಗೆಲ್ಲ ಕೇಳುವ ದನಿಯಲ್ಲೇ ಹೇಳಿದಳು. "ಪಂಚಮಿಗೆ ಯಾರೂ ಕರಿಯಾಕ ಬಂದಿಲ್ಲ. ಸೀರಿ ನಾನ ತಂದೀನಿ. ನಾ ಪೊಲೀಸರಿಗೆ ಸುಳ್ಳು ಹೇಳೀನಿ." ಬೆಂಚಿನ ಮೇಲಿದ್ದ ಒಬ್ಬ ಹೆಂಗಸು ಚ್ ಚ್ ಎಂದಳು. ಅತ್ತೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದಳು. ಹೊರಗೆ ಬಂದ ಮೇಲೆ ಬೋರಿಂಗಿನ ನೀರಿನಲ್ಲಿ ಆ ಮಸಿಯನ್ನು ಬಹಳ ಹೊತ್ತು ತಿಕ್ಕಿದಳು. ನನಗೆ ಅವಳನ್ನು ಅಲ್ಲೇ ಬಿಗಿದಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡೆ ಕೂಡ. "ಏ, ಬಿಡು, ಮಂದಿ ನೋಡಾಕತ್ತ್ಯಾರ" ಅಂದಳು.

ಅರ್ಜಿ ಮತ್ತೆ ಮುಂದಕ್ಕೆ ಹೋಯಿತು. ಆಪಾ ಬಂದು ಇನ್ನೊಂದು ಹೇಳಿಕೆ ಕೊಟ್ಟಳು. ರಾಯಚೂರಿಗೆ ಮೂರು ಸಲ ಹೋಗಿಬಂದೆ. ಅಲ್ಲಿಂದ ಬೆಂಗಳೂರು, ಅಲ್ಲಿಂದ ದೆಹಲಿ. ಪ್ರತಿ ಸಲವೂ ವಕೀಲರದು ಒಂದೇ ಮಾತು: ಉತ್ತರ ಬರುವ ತನಕ ಕದಲಬೇಡ್ರಿ. ಆ ವರ್ಷ ಎರಡು ಬೆಳೆ ಭತ್ತ ಮಿಲ್ಲಿಗೆ ಬಂದು ಅಕ್ಕಿಯಾಗಿ ಹೋಯಿತು. ಹುಟ್ಟಿದ ಊರಿಗೆ ನನಗಿಂತ ಆ ಅಕ್ಕಿಯೇ ಮೊದಲು ತಲುಪಿರಬಹುದು. ಅಣ್ಣ ಯಾವಾಗ ಬರುತ್ತೀ ಎಂದು ಕೇಳುವುದನ್ನು ಬಿಟ್ಟ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪ ಬಸ್ಸಿನ ವಿಷಯ ಕೇಳುವುದನ್ನೂ ಬಿಟ್ಟಿದ್ದರು. ನಾನಾಗಿ ಹೇಳುತ್ತಿದ್ದೆ, ತುರ್ವಿಹಾಳದ ಬಸ್ಸು ಇವತ್ತು ಕೆಟ್ಟು ನಿಂತಿತ್ತು ಎಂದು. "ಹೌದೇ" ಅನ್ನುತ್ತಿದ್ದರು, ಬೇರೆಯವರ ಮನೆಯ ಸುದ್ದಿ ಕೇಳುವ ಹಾಗೆ.

ಒಪ್ಪಿಗೆ ಬಂದಾಗ ಅದರ ಜೊತೆ ಷರತ್ತೂ ಬಂತು. ಹಳೆಯ ಪೌರತ್ವ ಬಿಟ್ಟುಕೊಟ್ಟ ದಾಖಲೆ ತಂದರೆ ಹೊಸದು. ಗೊತ್ತಿದ್ದ ವಿಷಯವೇ. ಆದರೂ ಬೆಂಗಳೂರಿಗೆ ಹೋಗಿ ಕೌಂಟರಿನಲ್ಲಿ ನನ್ನ ಪಾಸ್‌ಪೋರ್ಟು ಕೊಡುವಾಗ ಬೆರಳು ಬಿಡಲಿಲ್ಲ. ಆಚೆ ಕೂತಿದ್ದ ಹುಡುಗಿ ನನ್ನ ಊರಿನ ಕಡೆಯ ಮಾತಿನಲ್ಲೇ, ಇನ್ನೊಮ್ಮೆ ಯೋಚಿಸುತ್ತೀರಾ ಎಂದಳು. ಯೋಚಿಸಲು ಏನು ಉಳಿದಿತ್ತು? ಈಗ ಹಿಂದೆ ಸರಿದರೆ ಅಪ್ಪನಿಲ್ಲದೆ ಕಳೆದ ಎರಡು ವರ್ಷವೂ ನೀರಿನಲ್ಲಿ ಹೋಮ. ಮುಂದೆ ಹೋದರೆ ಕೈಯಲ್ಲಿ ಪಾಸ್‌ಪೋರ್ಟೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಬೆರಳು ಬಿಟ್ಟೆ. ಅವತ್ತಿನಿಂದ ಪ್ರಮಾಣಪತ್ರ ಕೈಗೆ ಬರುವ ತನಕ ನಾನು ಯಾವ ದೇಶದವಳೂ ಆಗಿರಲಿಲ್ಲ. ಮಿಲ್ಲಿಗೆ ಹೋದೆ, ಯಂತ್ರ ಬಿಚ್ಚಿದೆ, ಕೂಡಿಸಿದೆ, ರೊಟ್ಟಿ ತಿಂದೆ.

ಪ್ರಮಾಣವಚನ ತೆಗೆದುಕೊಳ್ಳಲು ರಾಯಚೂರಿಗೆ ಮನೆಯವರೆಲ್ಲ ಬಂದರು. ನಾನು ಓದಿದೆ, ಸಹಿ ಹಾಕಿದೆ, ಅಧಿಕಾರಿ ಎದ್ದು ನಿಂತು ಪತ್ರ ಕೊಟ್ಟು ಅಭಿನಂದನೆ ಹೇಳಿದರು. ಸಂತೋಷವಾಯಿತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಗಂಡ ಅತ್ತುಬಿಟ್ಟ. ಜೀಪಿನಲ್ಲಿ ವಾಪಸು ಬರುವಾಗ ವಕೀಲರು ಮುಂದಿನದನ್ನು ವಿವರಿಸಿದರು. ಇನ್ನು ಇಲ್ಲಿಯ ಪಾಸ್‌ಪೋರ್ಟಿಗೆ ಅರ್ಜಿ, ಅದಕ್ಕೆ ಮತ್ತೆ ಪೊಲೀಸು ವಿಚಾರಣೆ. ಆಮೇಲೆ ಜರ್ಮನಿಯ ವೀಸಾ. ಅಣ್ಣ ಆಮಂತ್ರಣ ಪತ್ರ ಕಳಿಸಬೇಕು. ನಾನು ಅಲ್ಲಿಗೆ ಹೋಗಿ ಉಳಿದುಬಿಡುವವಳಲ್ಲ, ತಿರುಗಿ ಬರುವವಳು ಎಂದು ಅವರಿಗೆ ನಂಬಿಕೆ ಬರುವಂತೆ ಕಾಗದ ತೋರಿಸಬೇಕು. "ಎಷ್ಟು ದಿನ ಹಿಡೀತದ್ರಿ?" ಅಂದೆ. "ಹೆಂಗ ಹೇಳಾಕ ಬರ್ತದ್ರಿ ಅಮ್ಮಾರ" ಅಂದರು.

ಮನೆ ತುಂಬ ಜನ. ಅತ್ತೆ ಹೋಳಿಗೆ ಮಾಡಿಸಿದ್ದಳು, ಆಪಾ ಹೂವಿನ ಹಾರ ತಂದಿದ್ದಳು. ಐದು ಗಂಟೆಗೆ ಅಣ್ಣನ ವಿಡಿಯೋ ಕಾಲ್ ಬಂತು. ಇವತ್ತೇ ಆ ದಿನವೆಂದು ಅವನಿಗೆ ಹೇಳಿದ್ದೆ. ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ, ಕಿಟಕಿಯ ಪಕ್ಕ ಕೂರಿಸಿದ್ದ. ನಾನು ಹಿತ್ತಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಪತ್ರವನ್ನು ಫೋನಿನ ಮುಂದೆ ಹಿಡಿದೆ.

"ಅಪ್ಪಾ, ನೋಡಿ. ಇವತ್ತಿನಿಂದ ನಾನು ಭಾರತದವಳು."

ಅಪ್ಪ ಪತ್ರ ನೋಡಿದರು, ನನ್ನ ಮುಖ ನೋಡಿದರು, ನನ್ನ ಕೊರಳಿನ ಹಾರ ನೋಡಿದರು. ಬಹಳ ಸೌಜನ್ಯದಿಂದ ನಕ್ಕರು.

"ಅಭಿನಂದನೆ" ಅಂದರು. "ನೀವು ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡುತ್ತೀರಿ. ಎಲ್ಲಿ ಕಲಿತಿರಿ?"

ಹಿಂದಿನಿಂದ ಅಣ್ಣ, "ಅಪ್ಪಾ, ಇವಳು..." ಎಂದು ಬಾಗಿದ. ನಾನು ಬೇಡವೆಂದು ತಲೆ ಆಡಿಸಿದೆ.

"ಮನೆಯಲ್ಲಿ ಕಲಿತೆ" ಅಂದೆ. "ನಮ್ಮ ತಂದೆ ಕಲಿಸಿದರು."

"ಒಳ್ಳೆಯವರಿರಬೇಕು" ಅಂದರು ಅಪ್ಪ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಏನೋ ನೆನಪಾದವರಂತೆ ಫೋನಿಗೆ ಇನ್ನಷ್ಟು ಹತ್ತಿರ ಬಂದರು. "ನನ್ನ ಮಗಳೂ ಭಾರತದಲ್ಲೇ ಇದ್ದಾಳೆ. ನಿಮಗೆಲ್ಲಾದರೂ ಸಿಕ್ಕರೆ ಒಂದು ಮಾತು ಹೇಳುತ್ತೀರಾ? ಒಮ್ಮೆ ಬಂದು ಹೋಗು ಅಂತ. ನನಗೆ ಈಗೀಗ ಮರೆವು. ಅವಳ ಮುಖ ಮರೆಯುವ ಮೊದಲು ಬಂದರೆ ಒಳ್ಳೆಯದು."

"ಹೇಳುತ್ತೇನೆ" ಅಂದೆ.